ಶಾಲೆಯ ನಾಲ್ಕು ದಿನದ ಶಿಬಿರ: ಮಗನನ್ನು ಕಳುಹಿಸಲಾ, ಬೇಡ್ವಾ?

ಪುಟ್ಟನಅಮ್ಮ:
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ವಿಷಯ ತಲೆ ಕೊರೆಯುತ್ತಿದೆ.

ಮಗನಿಗೆ ಹತ್ತು ವರ್ಷ, ಐದನೇ ಕ್ಲಾಸು. ಮುಂದಿನ ತಿಂಗಳು ಶಾಲೆಯವರು ಮಕ್ಕಳನ್ನು ಕಾಡಿನ ಪಕ್ಕದ ಒಂದು ಶಿಬಿರಕ್ಕೆ ಕರೆದುಕೊಂಡು ಹೋಗುತ್ತಾರಂತೆ. ನಾಲ್ಕು ದಿನ, ಮೂರು ರಾತ್ರಿ. ಟೆಂಟ್‌ನಲ್ಲಿ ಮಲಗುವುದು, ಹೊಳೆ ನೋಡುವುದು, ನಕ್ಷೆ ಹಿಡಿದು ದಾರಿ ಹುಡುಕುವುದು, ರಾತ್ರಿ ನಕ್ಷತ್ರ ನೋಡುವುದು. ಶುಕ್ರವಾರದೊಳಗೆ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಕೊಡಬೇಕು.

ಶಿಬಿರ ಮುಗಿಸಿ ಬಂದ ಮೂರೇ ವಾರಕ್ಕೆ ಪರೀಕ್ಷೆ. ನಾಲ್ಕು ದಿನದ ಪಾಠ ಹೋಗುತ್ತದೆ. ಅದು ಒಂದು ಕಡೆ ಇರಲಿ. ಇವನು ನಾಚಿಕೆ ಸ್ವಭಾವದವನು. ನನ್ನನ್ನು ಬಿಟ್ಟು ಒಂದು ರಾತ್ರಿಯೂ ಮಲಗಿಲ್ಲ. ಅಪರೂಪಕ್ಕೊಮ್ಮೆ ಹಾಸಿಗೆಯಲ್ಲಿ ಒದ್ದೆ ಮಾಡಿಕೊಳ್ಳುತ್ತಾನೆ. ಜೊತೆಯ ಮಕ್ಕಳ ಎದುರು ಹಾಗಾದರೆ ಅವನು ಶಾಲೆಗೇ ಹೋಗಲ್ಲ ಅನ್ನಬಹುದು ಅಂತ ನನಗೆ ಭಯ.

ಶಿಬಿರದಲ್ಲಿ ಮಕ್ಕಳು ನಿಜವಾಗಿಯೂ ಏನಾದರೂ ಕಲಿಯುತ್ತಾರಾ? ಅಥವಾ ಅದು ಒಂದು ಪ್ರವಾಸ ಅಷ್ಟೇನಾ? ಹೋಗಿ ಬಂದವರ ಅನುಭವ ಬೇಕು.

ಮಳೆಹುಳ:
ಕಳುಹಿಸಿ. ಯೋಚನೆ ಮಾಡಲೇಬೇಡಿ.

ಎರಡನೇಬೆಂಚು:
ನಾನು ಇದಕ್ಕೆ ವಿರುದ್ಧ. ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗಳು ಹೋದ ವರ್ಷ ಹೀಗೆ ಒಂದು ಶಿಬಿರಕ್ಕೆ ಹೋಗಿದ್ದಳು. ಹಗ್ಗ ಹಿಡಿದು ಜಾರಿದಳು, ಫೋಟೋಗೆ ನಿಂತಳು, ಕೆಮ್ಮು ಹತ್ತಿಸಿಕೊಂಡು ಬಂದಳು. ಏನು ಕಲಿತೆ ಅಂತ ಕೇಳಿದರೆ ಉತ್ತರ ಇಲ್ಲ. ಆ ವಾರ ಶಾಲೆಯಲ್ಲಿ ಭಿನ್ನರಾಶಿ ಶುರುವಾಗಬೇಕಿತ್ತು. ಶಿಬಿರದಿಂದ ಮುಂದಕ್ಕೆ ಹೋಯಿತು, ಆಮೇಲೆ ಅದನ್ನು ಓಡಿಸಿ ಮುಗಿಸಿದರು. ಇವತ್ತಿಗೂ ಅವಳಿಗೆ ಭಿನ್ನರಾಶಿ ಅಂದರೆ ಅಳು ಬರುತ್ತದೆ. ಮೋಜು ತಪ್ಪಲ್ಲ. ಆದರೆ ಮೋಜಿಗೆ ಕಲಿಕೆ ಅಂತ ಹೆಸರಿಡುವುದು ಸರಿಯಲ್ಲ.

ಕಾಡುದಾರಿ:
ನಾನು 17 ವರ್ಷದಿಂದ ಶಾಲಾ ಮಕ್ಕಳ ಶಿಬಿರ ನಡೆಸುವ ಕೆಲಸದಲ್ಲಿದ್ದೇನೆ. ಎರಡನೇಬೆಂಚು ಅವರು ಹೇಳಿದಂಥ ಶಿಬಿರಗಳು ಬೇಕಾದಷ್ಟಿವೆ. ಮಕ್ಕಳನ್ನು ಒಂದು ಆಟದಿಂದ ಇನ್ನೊಂದು ಆಟಕ್ಕೆ ಸಾಲಾಗಿ ಓಡಿಸುತ್ತಾರೆ. ಒಂದು ನಿಮಿಷವೂ ಖಾಲಿ ಬಿಡುವುದಿಲ್ಲ. ಅದನ್ನು ನಾನು ಶಿಬಿರ ಅನ್ನುವುದಿಲ್ಲ.

ಪುಟ್ಟನಅಮ್ಮ ಅವರೇ, ಶಾಲೆಯವರಿಗೆ ಎರಡು ಪ್ರಶ್ನೆ ಕೇಳಿ. ಹೋಗುವ ಮೊದಲು ಕ್ಲಾಸಿನಲ್ಲಿ ಇದಕ್ಕೆ ಏನು ತಯಾರಿ ಮಾಡುತ್ತೀರಿ? ಬಂದ ಮೇಲೆ ಮಕ್ಕಳು ತಂದ ಟಿಪ್ಪಣಿಯನ್ನು ಏನು ಮಾಡುತ್ತೀರಿ? ಎರಡಕ್ಕೂ ತಡವರಿಸಿದರೆ ಅದು ಪ್ರವಾಸ. ಸರಿಯಾಗಿ ಉತ್ತರ ಕೊಟ್ಟರೆ ಕಣ್ಣು ಮುಚ್ಚಿ ಸಹಿ ಹಾಕಿ.

ಪುಟ್ಟನಅಮ್ಮ:
@ಕಾಡುದಾರಿ ಸರ್, ತುಂಬಾ ಥ್ಯಾಂಕ್ಸ್. ನಾಳೆಯೇ ಕೇಳುತ್ತೇನೆ. ಆದರೆ ಮೊದಲೇ ತಯಾರಿ ಯಾಕೆ ಬೇಕು? ಹೊಸದಾಗಿ ನೋಡಿದರೇ ಮಕ್ಕಳಿಗೆ ಖುಷಿ ಅಲ್ವಾ?

ಪುಸ್ತಕದಗೂಡು:
ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಎಂ.ಎಡ್. ಮಾಡುವಾಗ ಇದೇ ವಿಷಯ ಓದಿದ್ದೆ. ಜಾಗ ತೀರಾ ಹೊಸದಾದರೆ ಮಕ್ಕಳ ಗಮನವೆಲ್ಲ ಆ ಜಾಗದ ಮೇಲೇ ಹೋಗುತ್ತದೆ, ಪಾಠದ ಮೇಲೆ ಇರುವುದಿಲ್ಲ. ಬಚ್ಚಲು ಎಲ್ಲಿದೆ, ಆ ಸದ್ದು ಯಾವುದರದು, ವಾಪಸ್ ಯಾವಾಗ ಹೋಗುತ್ತೇವೆ, ತಲೆಯಲ್ಲಿ ಇದೇ. ಜಾನ್ ಫಾಕ್ ಮತ್ತು ಅವರ ಜೊತೆಗಾರರು ಇದನ್ನು 1978ರಲ್ಲೇ ತೋರಿಸಿದರು. ಆಮೇಲೆ ಇಸ್ರೇಲಿನಲ್ಲಿ ಓರಿಯನ್ ಮತ್ತು ಹಾಫ್‌ಸ್ಟೈನ್ ಅನ್ನುವ ಇಬ್ಬರು, ಬಂಡೆ ಮತ್ತು ಮಣ್ಣು ನೋಡಲು ಹೊರಗೆ ಹೋಗುವ ಶಾಲಾ ಮಕ್ಕಳನ್ನು ಅಭ್ಯಾಸ ಮಾಡಿ 1994ರಲ್ಲಿ ಬರೆದರು. ಮೊದಲೇ ಜಾಗದ ಪರಿಚಯ, ಅಲ್ಲಿ ಬೇಕಾಗುವ ವಿಷಯ ಜ್ಞಾನ, ದಿನ ಹೇಗೆ ನಡೆಯುತ್ತದೆ ಅನ್ನುವ ವಿವರ, ಇಷ್ಟು ಸಿಕ್ಕ ಮಕ್ಕಳು ಜಾಸ್ತಿ ಕಲಿತರು.

ಅದಕ್ಕೇ ಜಾಗದ ಫೋಟೋ, ನಕ್ಷೆ, ದಿನಚರಿ ಮೊದಲೇ ತೋರಿಸಬೇಕು. ಕಲ್ಲಿನ ಅಡಿ ಸಿಗುವ ಹುಳಗಳ ಚಿತ್ರವನ್ನೂ ಕ್ಲಾಸಿನಲ್ಲೇ ನೋಡಿರಬೇಕು. ಆಗ ಹೊಳೆಯಲ್ಲಿ ಅದು ಕಂಡಾಗ ಮಗು ಹೆಸರು ಹಿಡಿದು ಕರೆಯುತ್ತದೆ.

ಎರಡನೇಬೆಂಚು:
ಸರಿ, ಕಲಿತರು ಅಂತ ಹೇಗೆ ಗೊತ್ತು? ಹೋಗಿ ಬಂದ ಮಕ್ಕಳನ್ನು ಚೆನ್ನಾಗಿತ್ತಾ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಹೋದ ಮಕ್ಕಳು, ಹೋಗದ ಮಕ್ಕಳು, ಇಬ್ಬರನ್ನೂ ಅಕ್ಕಪಕ್ಕ ಇಟ್ಟು ಯಾರಾದರೂ ನೋಡಿದ್ದಾರಾ?

ಪುಸ್ತಕದಗೂಡು:
ನೋಡಿದ್ದಾರೆ. ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ 2011ರಲ್ಲಿ ಕ್ರಿಸ್ಟಲ್ ಬ್ರಿಜಸ್ ಅನ್ನುವ ಕಲಾ ವಸ್ತುಸಂಗ್ರಹಾಲಯ ಶುರುವಾಯಿತು. ಬರುತ್ತೇವೆ ಅಂದ ಶಾಲೆಗಳು ಜಾಸ್ತಿ ಆದವು. ಅದಕ್ಕೆ ಚೀಟಿ ಎತ್ತಿ ಕೆಲವರಿಗೆ ಮೊದಲು, ಕೆಲವರಿಗೆ ಆಮೇಲೆ ಅವಕಾಶ ಕೊಟ್ಟರು. ಇದರಿಂದ ನೀವು ಕೇಳಿದ ಹೋಲಿಕೆ ತಾನಾಗಿಯೇ ಸಿಕ್ಕಿತು. 123 ಶಾಲೆ, ಹತ್ತಿರ ಹತ್ತಿರ 11,000 ಮಕ್ಕಳು. ಹೋಗಿ ಬಂದವರು ಹೊಸ ಚಿತ್ರವೊಂದನ್ನು ಹೆಚ್ಚು ಗಮನಿಸಿ, ಯೋಚಿಸಿ ಬರೆದರು. ಹಳ್ಳಿಯ ಮಕ್ಕಳಿಗೆ, ಬಡ ಮಕ್ಕಳಿಗೆ ಲಾಭ ಇನ್ನೂ ಜಾಸ್ತಿ ಸಿಕ್ಕಿತ್ತು.

ನನಗೆ ತುಂಬಾ ಹಿಡಿಸಿದ್ದು ಒಂದು ವಿವರ. ಅಲ್ಲಿನ ಒಂದು ಚಿತ್ರದಲ್ಲಿ ಜನ ಮೇಪಲ್ ಮರದ ರಸ ಕಾಯಿಸುತ್ತಿದ್ದಾರೆ. ಸಕ್ಕರೆ ಉದ್ಯಮ ಗುಲಾಮರ ದುಡಿಮೆಯ ಮೇಲೆ ನಿಂತಿತ್ತು, ಅದಕ್ಕೆ ಪೆಟ್ಟು ಕೊಡಲು ಗುಲಾಮಗಿರಿಯ ವಿರೋಧಿಗಳು ಈ ಸಿಹಿ ಮಾಡುತ್ತಿದ್ದರು. ವಾರಗಳ ನಂತರ ಕೇಳಿದಾಗ, ಆ ಚಿತ್ರ ನೋಡಿದ್ದ ಮಕ್ಕಳಲ್ಲಿ 88% ಜನಕ್ಕೆ ಈ ವಿಷಯ ನೆನಪಿತ್ತು. ಅದಕ್ಕೆ ಪರೀಕ್ಷೆ ಇದೆ, ಅಂಕ ಇದೆ ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

ಎರಡನೇಬೆಂಚು:
ಅದು ವಸ್ತುಸಂಗ್ರಹಾಲಯ. ಒಂದು ದಿನದ ಭೇಟಿ. ಇಲ್ಲಿ ಮಾತಾಡುತ್ತಿರುವುದು ಟೆಂಟ್ ಹಾಕಿ ಮೂರು ರಾತ್ರಿ ಮಲಗುವ ಬಗ್ಗೆ.

ಪುಸ್ತಕದಗೂಡು:
ನಿಜ, ಒಪ್ಪಿದೆ. ಹೊರಾಂಗಣ ಸಾಹಸ ಶಿಬಿರಗಳ ಬಗ್ಗೆ ಬಂದ 96 ಅಧ್ಯಯನಗಳನ್ನು ಒಟ್ಟು ಸೇರಿಸಿ ಜಾನ್ ಹ್ಯಾಟಿ ಮತ್ತು ಅವರ ತಂಡ 1997ರಲ್ಲಿ ಲೆಕ್ಕ ಹಾಕಿತು. ಆತ್ಮವಿಶ್ವಾಸ, ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳುವುದು, ಮುಂದಾಳುತನ, ಇಂಥ ವಿಷಯಗಳಲ್ಲಿ ಶಿಬಿರಕ್ಕೆ ಹೋದವರು ಮುಂದೆ ಹೋಗಿದ್ದರು. ಶಾಲೆಯಲ್ಲಿ ಮಾಡುವ ಎಷ್ಟೋ ಹೊಸ ಪ್ರಯೋಗಗಳ ಫಲ ಕೆಲವೇ ತಿಂಗಳಲ್ಲಿ ಕರಗುತ್ತದೆ. ಇಲ್ಲಿ ಶಿಬಿರ ಮುಗಿದ ಮೇಲೂ ಲಾಭ ಇನ್ನಷ್ಟು ಬೆಳೆದಿತ್ತು.

ಆದರೆ ನಿಮ್ಮ ಕಡೆಯ ಮಾತೂ ಅದರಲ್ಲೇ ಇದೆ. 20 ದಿನಕ್ಕಿಂತ ಉದ್ದದ ಶಿಬಿರಗಳಲ್ಲಿ ಫಲ ಜಾಸ್ತಿ. ಒಂದು ಶಿಬಿರಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೂ ದೊಡ್ಡದು. ನಾಲ್ಕು ದಿನದಲ್ಲಿ ಮಗು ಪೂರ್ತಿ ಬದಲಾಗುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಎರಡನೇಬೆಂಚು:
ಎರಡೂ ಕಡೆ ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೂ ಭಿನ್ನರಾಶಿ ಎಲ್ಲಿ ಹೋಯಿತು ಅನ್ನುವ ನನ್ನ ಪ್ರಶ್ನೆ ಹಾಗೇ ಇದೆ.

ಲೆಕ್ಕದಮೇಷ್ಟ್ರು:
ಭಿನ್ನರಾಶಿ ಕಾಡಿನಲ್ಲೂ ಇದೆ ಸ್ವಾಮಿ. ನಾನು 26 ವರ್ಷ ಗಣಿತ ಹೇಳಿಕೊಟ್ಟಿದ್ದೇನೆ. ನನ್ನ ಅತ್ಯಂತ ಒಳ್ಳೆಯ ಪಾಠಗಳು ಬಯಲಲ್ಲೇ ನಡೆದವು.

ಒಂದು ಹೇಳುತ್ತೇನೆ, ಯಾರು ಬೇಕಾದರೂ ಮಾಡಬಹುದು. ಚೌಕದ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಿಸಿ. 45 ಡಿಗ್ರಿಯ ತ್ರಿಕೋನ ಸಿಗುತ್ತದೆ. ಒಂದು ಚಿಕ್ಕ ಬದಿ ನೆಲಕ್ಕೆ ಸಮನಾಗಿ, ಇನ್ನೊಂದು ನೆಟ್ಟಗೆ ನಿಲ್ಲುವ ಹಾಗೆ ಕಣ್ಣಿನ ಹತ್ತಿರ ಹಿಡಿಯಿರಿ. ಉದ್ದ ಬದಿಯ ಗುಂಟ ಮೇಲೆ ನೋಡುತ್ತಾ ಹಿಂದಕ್ಕೆ ಹೆಜ್ಜೆ ಹಾಕಿ. ಮರದ ತುದಿ ಸರಿಯಾಗಿ ಆ ಗೆರೆಯ ಮೇಲೆ ಬಂದಾಗ ನಿಲ್ಲಿ. ನಿಮ್ಮಿಂದ ಬುಡದವರೆಗಿನ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿ. ಅದೇ ಮರದ ಎತ್ತರ. ಮರ ಹತ್ತಬೇಕಿಲ್ಲ.

ಹತ್ತು ಮಕ್ಕಳು ಒಂದೇ ಮರ ಅಳೆದರೆ ಹತ್ತು ಉತ್ತರ ಬರುತ್ತದೆ. ಆಗ ಶುರುವಾಗುತ್ತದೆ ನೋಡಿ ಜಗಳ. ಯಾರದು ಸರಿ? ಯಾಕೆ ಬೇರೆ ಬಂತು? ನೆಲ ಇಳಿಜಾರಿತ್ತಾ? ಕಾಗದ ಓರೆಯಾಗಿತ್ತಾ? ಸರಾಸರಿ ಅನ್ನುವ ಮಾತನ್ನು ನಾನು ಬೋರ್ಡ್ ಮೇಲೆ ಎಷ್ಟು ಸಲ ಬರೆದರೂ ಅದು ಯಾಕೆ ಬೇಕು ಅಂತ ಅವರಿಗೆ ಅನ್ನಿಸಿರಲಿಲ್ಲ. ಮರದ ಕೆಳಗೆ ಅವರೇ ಬಂದು ಕೇಳಿದರು, "ಎಲ್ಲಾ ಕೂಡಿಸಿ ಭಾಗಿಸೋಣ್ವಾ ಸರ್?" ಅಂತ.

ಮಳೆಹುಳ:
ಮೇಷ್ಟ್ರೇ, ಇದನ್ನು ನಾಳೆ ಮಕ್ಕಳ ಜೊತೆ ಮಾಡಿಯೇ ಮಾಡುತ್ತೇನೆ!

ಒಂಟಿಟೆಂಟು:
ಇಲ್ಲಿ ಎಲ್ಲರೂ ಒಳ್ಳೆಯದೇ ಹೇಳುತ್ತಿದ್ದೀರಿ. ನನ್ನದು ಬೇರೆ ಕಥೆ.

ನಾನು ಆರನೇ ಕ್ಲಾಸಿನಲ್ಲಿ ಶಿಬಿರಕ್ಕೆ ಹೋಗಿದ್ದೆ. ಟೆಂಟ್‌ನಲ್ಲಿ ಆರು ಹುಡುಗರು. ಐವರು ಮೊದಲೇ ಸ್ನೇಹಿತರು, ನಾನೊಬ್ಬ ಹೊರಗಿನವನು. ರಾತ್ರಿ ದೀಪ ಆರಿದ ಮೇಲೆ ನನ್ನ ಚೀಲ ಬಚ್ಚಿಟ್ಟರು. ಮರುದಿನ ಒದ್ದೆ ಬಟ್ಟೆಯಲ್ಲೇ ನಡೆದೆ. ಮೇಷ್ಟ್ರಿಗೆ ಹೇಳಿದೆ. "ಸ್ವಲ್ಪ ಗಟ್ಟಿಯಾಗು" ಅಂದರು. ಇನ್ನೂ ಎರಡು ರಾತ್ರಿ ಇತ್ತು. ಶಾಲೆಯಲ್ಲಿ ಯಾರಾದರೂ ಕಾಡಿದರೆ ಸಂಜೆ ಮನೆಗೆ ಓಡಬಹುದು. ಅಲ್ಲಿ ಓಡಲು ಮನೆ ಇರಲಿಲ್ಲ. ಈಗ ನನಗೆ 34. ಟೆಂಟ್ ಬಟ್ಟೆಯ ವಾಸನೆ ಬಂದರೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ.

ಶಿಬಿರ ಬೇಡ ಅಂತ ನಾನು ಹೇಳುತ್ತಿಲ್ಲ. ಯಾರ ಜೊತೆ ಮಲಗಿಸುತ್ತಾರೆ, ರಾತ್ರಿ ಯಾರು ಎಚ್ಚರ ಇರುತ್ತಾರೆ ಅನ್ನುವುದನ್ನು ಕೇಳಿ. ಹಗಲಿನ ವೇಳಾಪಟ್ಟಿಯನ್ನು ಎಲ್ಲರೂ ಕೇಳುತ್ತಾರೆ. ರಾತ್ರಿಯದನ್ನು ಯಾರೂ ಕೇಳಲ್ಲ.

ಕಾಡುದಾರಿ:
@ಒಂಟಿಟೆಂಟು, ಓದಿ ಮನಸ್ಸು ಭಾರವಾಯಿತು. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾವು ಪ್ರತಿ ಮಗುವಿನಿಂದ ಚೀಟಿಯಲ್ಲಿ ಮೂರು ಹೆಸರು ಬರೆಸಿಕೊಳ್ಳುತ್ತೇವೆ. ಅದರಲ್ಲಿ ಒಬ್ಬರಾದರೂ ಅದೇ ಟೆಂಟ್‌ನಲ್ಲಿ ಇರಲೇಬೇಕು. ಯಾರೂ ಹೆಸರು ಬರೆಯದ ಮಗು ಇದ್ದೇ ಇರುತ್ತದೆ. ಆ ಮಗುವಿನ ಟೆಂಟ್ ಯಾವುದು ಅಂತ ಕ್ಲಾಸ್ ಟೀಚರ್ ಜೊತೆ ಕೂತು ಮೊದಲೇ ಯೋಚಿಸುತ್ತೇವೆ. "ಗಟ್ಟಿಯಾಗು" ಅನ್ನುವ ಮಾತನ್ನು ನಮ್ಮ ತಂಡದಲ್ಲಿ ಯಾರೂ ಆಡುವಂತಿಲ್ಲ.

ಬೆಳಗಿನಪಾಳಿ:
ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಪುಟ್ಟನಅಮ್ಮ ಅಕ್ಕಾ, ಹಾಸಿಗೆ ಒದ್ದೆಯ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹತ್ತು ವರ್ಷದ ಮಕ್ಕಳಲ್ಲಿ ಸುಮಾರು 20ರಲ್ಲಿ ಒಬ್ಬರಿಗೆ ಇದು ಇರುತ್ತದೆ. ಅಂದರೆ ಅವನ ಶಿಬಿರದಲ್ಲೂ ಇನ್ನೊಬ್ಬರು ಇರುವ ಸಾಧ್ಯತೆ ಇದೆ. ಯಾರೂ ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಜೊತೆಗೆ ಹೋಗುವ ಒಬ್ಬ ಟೀಚರ್‌ಗೆ ಮಾತ್ರ ಗುಟ್ಟಾಗಿ ಹೇಳಿ. ರಾತ್ರಿ ಹನ್ನೊಂದರ ಸುಮಾರಿಗೆ ಅವನನ್ನು ಮೆಲ್ಲಗೆ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯಲಿ. ಮಲಗುವ ಚೀಲದ ಒಳಗೆ ಗಾಢ ಬಣ್ಣದ ಬಟ್ಟೆ ಹಾಕಿ. ಅದೇ ಬಣ್ಣದ ಎರಡು ಪೈಜಾಮ ಇಡಿ. ಒದ್ದೆಯಾದದ್ದನ್ನು ಹಾಕಲು ಒಂದು ಗಟ್ಟಿ ಚೀಲ ಇಡಿ. ಎಲ್ಲಿಟ್ಟಿದ್ದೀರಿ ಅಂತ ಅವನಿಗೆ ಕತ್ತಲಲ್ಲೂ ಗೊತ್ತಿರಲಿ. ಮನೆಯಲ್ಲಿ ದೀಪ ಆರಿಸಿ ಒಂದು ಸಲ ಅಭ್ಯಾಸ ಮಾಡಿಸಿ.

ಇನ್ನೊಂದು. "ಬೇಜಾರಾದರೆ ಫೋನ್ ಮಾಡು, ಬಂದು ಕರೆದುಕೊಂಡು ಬರುತ್ತೇನೆ" ಅಂತ ದಯವಿಟ್ಟು ಮಾತು ಕೊಡಬೇಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆಯಲ್ಲೇ ಇದು ಇದೆ. ಹಾಗೆ ಹೇಳಿದರೆ ಮಗುವಿಗೆ ಕೇಳುವುದು ಒಂದೇ: ನಿನ್ನ ಕೈಲಿ ಆಗಲ್ಲ ಅಂತ ಅಮ್ಮನಿಗೂ ಅನ್ನಿಸಿದೆ. ಅದರ ಬದಲು ಒಂದು ರಾತ್ರಿ ನೆಂಟರ ಮನೆಯಲ್ಲೋ ಸ್ನೇಹಿತನ ಮನೆಯಲ್ಲೋ ಮಲಗಿಸಿ. ಮನೆ ನೆನಪಾಗಿ ಅಳು ಬರುವುದು ಸಹಜ, ಹೆಚ್ಚಿನವರಿಗೆ ಬರುತ್ತದೆ, ಬಂದಾಗ ಏನು ಮಾಡಬಹುದು ಅಂತ ಮಾತಾಡಿ.

ಪುಟ್ಟನಅಮ್ಮ:
@ಬೆಳಗಿನಪಾಳಿ, ಕಣ್ಣಲ್ಲಿ ನೀರು ಬಂತು ತಂಗಿ. ನಾನು ನಿನ್ನೆ ರಾತ್ರಿ ಸರಿಯಾಗಿ ಅದೇ ಮಾತು ಕೊಟ್ಟಿದ್ದೆ. ಈಗ ಹೇಗೆ ಹಿಂದೆ ತೆಗೆದುಕೊಳ್ಳಲಿ?

ಬೆಳಗಿನಪಾಳಿ:
ನೇರವಾಗಿ ಹೇಳಿಬಿಡಿ ಅಕ್ಕಾ. ನಾನು ಯೋಚನೆ ಮಾಡಿದೆ, ನಿನ್ನ ಕೈಲಿ ಆಗುತ್ತೆ ಅಂತ ಅನ್ನಿಸಿತು ಅಂತ. ಮಕ್ಕಳಿಗೆ ಅರ್ಥವಾಗುತ್ತದೆ.

ಮೂರನೇಕಣ್ಣು:
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳಲೇಬೇಕು. ನಾನು ಕಣ್ಣು ಪರೀಕ್ಷೆ ಮಾಡುವವಳು. ದಿನಾ ಏಳೆಂಟು ವರ್ಷದ ಮಕ್ಕಳಿಗೆ ಕನ್ನಡಕ ಬರೆದುಕೊಟ್ಟು ಸಾಕಾಗಿದೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಶಾಲೆಯ ದಿನದಲ್ಲಿ 40 ನಿಮಿಷ ಹೊರಾಂಗಣದ ಹೆಚ್ಚುವರಿ ಪೀರಿಯಡ್ ಕೊಟ್ಟು ನೋಡಿದರು. 12 ಶಾಲೆ. ಮೂರು ವರ್ಷ ಆದ ಮೇಲೆ, ಹೊರಗೆ ಹೋದವರಲ್ಲಿ 30.4% ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಉಳಿದವರಲ್ಲಿ 39.5%. 2015ರಲ್ಲಿ ಇದು ಪ್ರಕಟವಾಯಿತು. ಹೊರಗಿನ ಬೆಳಕು ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುವುದನ್ನು ತಡೆಯುತ್ತದೆ ಅಂತ ತಿಳಿದಿದ್ದಾರೆ. ಪಾಠ ಅದೇ ಇರಲಿ, ಮರದ ಕೆಳಗೆ ಮಾಡಿ ಅಂತ ನನ್ನ ಬೇಡಿಕೆ.

ಎರಡನೇಬೆಂಚು:
ನೋಡಿ, ಇದು ನನಗೆ ಒಪ್ಪಿಗೆ. ವರ್ಷಕ್ಕೊಮ್ಮೆ ನಾಲ್ಕು ದಿನದ ಹಬ್ಬ ಮಾಡುವ ಬದಲು ದಿನಾ 40 ನಿಮಿಷ ಹೊರಗೆ. ಎಲ್ಲಾ ಮಕ್ಕಳಿಗೂ ಸಿಗುತ್ತದೆ, ಯಾರೂ ಹಣ ಕಟ್ಟಬೇಕಿಲ್ಲ, ಪಾಠವೂ ಹೋಗಲ್ಲ.

ಲೆಕ್ಕದಮೇಷ್ಟ್ರು:
ದಿನಾ ಹೊರಗೆ ಹೋಗಲಿ, ನನ್ನ ಪೂರ್ತಿ ಬೆಂಬಲ. ಆದರೆ ಅದು ಶಿಬಿರದ ಜಾಗ ತುಂಬುವುದಿಲ್ಲ. ರಾತ್ರಿ ಎಂಟಕ್ಕೆ ಶಾಲೆಯ ಅಂಗಳದಲ್ಲಿ ಮಕ್ಕಳು ಇರುವುದಿಲ್ಲವಲ್ಲ. ಉತ್ತರಾರ್ಧ ಗೋಳದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ, ನಾವು ನಿಂತ ಜಾಗದ ಅಕ್ಷಾಂಶ ಸುಮಾರು ಅಷ್ಟೇ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅಡ್ಡಡ್ಡಕ್ಕೆ ಹತ್ತು ಡಿಗ್ರಿ. ಚಿಕ್ಕ ಮಕ್ಕಳ ಮುಷ್ಟಿ ಚಿಕ್ಕದು, ಕೈಯೂ ಗಿಡ್ಡ, ಹಾಗಾಗಿ ಅವರಿಗೂ ಅದೇ ಹತ್ತು ಬರುತ್ತದೆ. ಮುಷ್ಟಿ ಮೇಲೆ ಮುಷ್ಟಿ ಇಟ್ಟು ಎಣಿಸಿ ತಾವು ಭೂಮಿಯ ಮೇಲೆ ಎಲ್ಲಿದ್ದೇವೆ ಅಂತ ಕಂಡುಹಿಡಿದ ಮಗುವಿನ ಮುಖವನ್ನು ನೀವು ನೋಡಬೇಕು.

ಮೂರನೇಕಣ್ಣು:
ಮೇಷ್ಟ್ರೇ, ನಿಮ್ಮ ಕ್ಲಾಸಿನಲ್ಲಿ ನಾನು ಕೂರಬೇಕಿತ್ತು.

ಗಾಲಿಸದ್ದು:
ಒಂದು ಮಾತು ಕೇಳಲಾ? ಇಷ್ಟು ಹೊತ್ತು "ಎಲ್ಲಾ ಮಕ್ಕಳು" ಅನ್ನುತ್ತಿದ್ದೀರಿ. ನನ್ನ ಮಗಳು ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಮೂರು ವರ್ಷ ಸತತವಾಗಿ ಶಿಬಿರದ ಚೀಟಿ ಮನೆಗೆ ಬಂತು, ಅದರ ಜೊತೆಗೇ ಫೋನೂ ಬಂತು. "ನೀವು ಅವಳನ್ನು ಮನೆಯಲ್ಲೇ ಇಟ್ಟುಕೊಂಡರೆ ಅವಳಿಗೇ ಆರಾಮ." ಎಲ್ಲರೂ ಬಸ್ಸು ಹತ್ತಿದ ದಿನ ಅವಳು ಕಿಟಕಿ ಹತ್ತಿರ ಕೂತು ಯೂನಿಫಾರ್ಮ್ ಬಿಚ್ಚಲೇ ಇಲ್ಲ.

ನಾಲ್ಕನೇ ವರ್ಷ ಹೊಸ ಟೀಚರ್ ಬಂದರು. ಅವರು ಮೊದಲು ನನ್ನ ಮಗಳನ್ನು ಕರೆದುಕೊಂಡು ಹೋಗಿ ಜಾಗ ನೋಡಿದರು. ಅವಳ ಕುರ್ಚಿ ಹೋಗುವ ದಾರಿಯನ್ನೇ ಇಡೀ ಕ್ಲಾಸಿನ ದಾರಿ ಮಾಡಿದರು. ಹೊಳೆಗೆ ಇಳಿಯಲು ಆಗದ ಕಡೆ ಬಕೆಟ್‌ನಲ್ಲಿ ನೀರು, ಕಲ್ಲು ಮೇಲೆ ಬಂತು. ಯಾವ ಹುಳ ಯಾವುದು ಅಂತ ಪಟ್ಟಿ ಹಿಡಿದು ಹೇಳುವ ಕೆಲಸ ಅವಳದು. ಬೇರೆ ಮಕ್ಕಳಿಗೆ ಏನೂ ಕಡಿಮೆ ಆಗಲಿಲ್ಲ. ಮೊದಲ ಮೂರು ವರ್ಷ ಇದು ಯಾಕೆ ಆಗಲಿಲ್ಲ ಅನ್ನುವ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಬೆಳಗಿನಪಾಳಿ:
ಆ ಸಿಟ್ಟು ನ್ಯಾಯವೇ. ಆ ಟೀಚರ್‌ಗೆ ನನ್ನ ನಮಸ್ಕಾರ ತಿಳಿಸಿ.

ಎರಡನೇಬೆಂಚು:
ಹಣ ಕಟ್ಟಲಾಗದ ಮಕ್ಕಳ ಕಥೆಯೂ ಇದೇ. ಅವರೂ ಆ ವಾರ "ಹುಷಾರಿಲ್ಲ" ಅಂತ ರಜೆ ಹಾಕುತ್ತಾರೆ.

ಹಳೇಹೆಡ್‌ಮಿಸ್:
ಈ ಪ್ರಶ್ನೆ ಶಿಬಿರದಷ್ಟೇ ಹಳೆಯದು. ಸ್ಕೌಟ್ ಶುರು ಮಾಡಿದ ಬೇಡನ್-ಪೊವೆಲ್ 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಜೊತೆ ಟೆಂಟ್ ಹಾಕಿದಾಗ, ಶ್ರೀಮಂತರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಬೇಕೆಂದೇ ಬೆರೆಸಿದ್ದರು. ಅದಕ್ಕೂ ಮೊದಲು, 1904ರಲ್ಲಿ, ಬರ್ಲಿನ್ ಪಕ್ಕದ ಶಾರ್ಲಾಟನ್‌ಬರ್ಗ್‌ನಲ್ಲಿ ಕಾಡಿನೊಳಗೆ ಒಂದು ಶಾಲೆ ತೆರೆದರು. ಅದು ಬಂದದ್ದೇ ಸೊರಗಿದ, ಕ್ಷಯ ತಗಲುವ ಭಯವಿದ್ದ ನಗರದ ಮಕ್ಕಳಿಗಾಗಿ. ಠಾಗೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಮರದ ಕೆಳಗೆ ಪಾಠ ಶುರು ಮಾಡಿದಾಗ ಐದೇ ಮಕ್ಕಳಿದ್ದರು. ಇದನ್ನು ದುಡ್ಡಿದ್ದವರ ಸೌಕರ್ಯ ಮಾಡಿದ್ದು ನಾವು, ಆಮೇಲೆ.

ನಾನು ಹೆಡ್ ಆಗಿದ್ದಾಗ ಮಾಡಿದ ನಿಯಮ ಒಂದೇ. ಕ್ಲಾಸಿನ ಎಲ್ಲಾ ಮಕ್ಕಳು ಹೋಗಲು ಆಗದಿದ್ದರೆ ಯಾರೂ ಹೋಗುವಂತಿಲ್ಲ. ಇದರಿಂದ ಎರಡು ವರ್ಷ ದೂರದ ಶಿಬಿರ ರದ್ದಾಯಿತು. ಶಾಲೆಯ ಹಿಂದಿನ ಬಯಲಲ್ಲೇ ಒಂದು ರಾತ್ರಿ ಟೆಂಟ್ ಹಾಕಿದೆವು. ಪೋಷಕರು ಬೈದರು. ಮಕ್ಕಳು ಬೈಯಲಿಲ್ಲ.

ಚಾಕ್‌ಪುಡಿ:
ಮೇಡಂ, ನಿಮ್ಮ ಮಾತು ಚೆನ್ನಾಗಿದೆ. ಆದರೆ ಜೊತೆಗೆ ಹೋಗುವ ನಮ್ಮಂಥ ಟೀಚರ್‌ಗಳ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ನಾಲ್ಕು ದಿನ, 24 ಗಂಟೆ ಡ್ಯೂಟಿ. ನನ್ನ ಮಗುವಿಗೆ ಮೂರು ವರ್ಷ, ಅದನ್ನು ಬಿಟ್ಟು ಹೋಗಬೇಕು. ಹೆಚ್ಚಿನ ಸಂಬಳ ಇಲ್ಲ, ಬಂದ ಮೇಲೆ ಒಂದು ದಿನ ರಜೆಯೂ ಇಲ್ಲ. ಯಾರದಾದರೂ ಕಾಲು ಉಳುಕಿದರೆ ನೂರು ಪ್ರಶ್ನೆ. ಮಕ್ಕಳಿಗೆ ಒಳ್ಳೆಯದು ಅಂತ ನನಗೂ ಗೊತ್ತು. ಅದಕ್ಕೇ ಹೋಗುತ್ತೇನೆ. ಆದರೆ ಶಾಲೆಗಳು ಇದನ್ನು ಪುಕ್ಕಟೆ ಕೆಲಸ ಅಂತ ತಿಳಿದುಕೊಂಡರೆ ಒಳ್ಳೆಯ ಟೀಚರ್‌ಗಳು ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಾರೆ.

ಹಳೇಹೆಡ್‌ಮಿಸ್:
ನೀನು ಹೇಳಿದ್ದು ಸರಿ ಮಗಳೇ. ಆ ತಪ್ಪು ನಾನೂ ಮಾಡಿದ್ದೇನೆ.

ತಾಳೆಗರಿ:
ಸುರಕ್ಷತೆ ಬಗ್ಗೆ ಯಾರೂ ಮಾತಾಡುತ್ತಿಲ್ಲ ಯಾಕೆ? 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಲೈಮ್ ಬೇಯಲ್ಲಿ ಶಾಲಾ ಮಕ್ಕಳು ಸಣ್ಣ ದೋಣಿಗಳಲ್ಲಿ ಸಮುದ್ರಕ್ಕೆ ಹೋಗಿದ್ದರು. ನಾಲ್ಕು ಮಕ್ಕಳು ಸತ್ತರು. ಆಮೇಲೆ 1995ರಲ್ಲಿ ಅಲ್ಲಿ ಮಕ್ಕಳ ಸಾಹಸ ಕೇಂದ್ರಗಳಿಗೆ ಪರವಾನಗಿ ಬೇಕು ಅಂತ ಕಾನೂನೇ ಬಂತು. ಚೀಟಿಗೆ ಸಹಿ ಹಾಕುವ ಮೊದಲು ನೀರಿನ ಚಟುವಟಿಕೆ ಇದೆಯಾ, ಲೈಫ್ ಜಾಕೆಟ್ ಇದೆಯಾ, ಹವಾಮಾನ ಕೆಟ್ಟರೆ ಚಟುವಟಿಕೆ ನಿಲ್ಲಿಸುವ ಅಧಿಕಾರ ಯಾರದು, ಇಷ್ಟನ್ನು ಕೇಳಲೇಬೇಕು.

ಕಾಡುದಾರಿ:
ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ನಿಲ್ಲಿಸು ಅನ್ನುವ ಅಧಿಕಾರ ಜೊತೆಗಿರುವ ಪ್ರತಿಯೊಬ್ಬ ದೊಡ್ಡವರಿಗೂ ಇರಬೇಕು. ನಮ್ಮಲ್ಲಿ ಅಡುಗೆಯವರು ನಿಲ್ಲಿಸಿ ಅಂದರೂ ನಿಲ್ಲಿಸುತ್ತೇವೆ.

ಮಳೆಹುಳ:
ಫೋನ್ ಕೊಟ್ಟು ಕಳಿಸಬಹುದಾ? ನನ್ನ ತಂಗಿ ಮಗನ ಶಾಲೆಯಲ್ಲಿ ಪೋಷಕರು ಗಂಟೆಗೊಂದು ಫೋಟೋ ಬೇಕು ಅಂತ ಜಗಳ ಆಡಿದರು.

ಕಾಡುದಾರಿ:
ಬೇಡ. ಫೋಟೋ ತೆಗೆಯುತ್ತಾ ಇದ್ದರೆ ಮಕ್ಕಳನ್ನು ನೋಡುವವರು ಯಾರು?

ಪುಸ್ತಕದಗೂಡು:
ಫೋನ್ ಬಗ್ಗೆ ಒಂದು ಚಿಕ್ಕ ಅಧ್ಯಯನ ಇದೆ, 2014ರದ್ದು, ಕ್ಯಾಲಿಫೋರ್ನಿಯಾದ್ದು. ಆರನೇ ಕ್ಲಾಸಿನ 51 ಮಕ್ಕಳು ಐದು ದಿನ ಹೊರಾಂಗಣ ಶಿಬಿರದಲ್ಲಿ, ಯಾವ ಪರದೆಯೂ ಇಲ್ಲದೆ ಕಳೆದರು. ಅದೇ ಶಾಲೆಯ 54 ಮಕ್ಕಳು ಎಂದಿನ ಹಾಗೆ ಇದ್ದರು. ಎದುರಿನವರ ಮುಖ ನೋಡಿ ಮನಸ್ಸು ಹೇಗಿದೆ ಅಂತ ಗುರುತಿಸುವ ಪರೀಕ್ಷೆಯಲ್ಲಿ ಶಿಬಿರದ ಮಕ್ಕಳು ಹೆಚ್ಚು ಸುಧಾರಿಸಿದ್ದರು. ಮಕ್ಕಳ ಸಂಖ್ಯೆ ಕಡಿಮೆ, ಹಾಗಾಗಿ ಇದರ ಮೇಲೆ ದೊಡ್ಡ ಮಾತು ಕಟ್ಟುವುದಿಲ್ಲ. ಆದರೆ ಐದು ದಿನ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಇದ್ದರೆ ಏನಾಗುತ್ತದೆ ಅಂತ ಯಾವ ತಾಯಿಗೂ ಗೊತ್ತು.

ಪುಟ್ಟನಅಮ್ಮ:
ಶಾಲೆಗೆ ಹೋಗಿ ಬಂದೆ. ತಯಾರಿ ಬಗ್ಗೆ ಟೀಚರ್ ಚೆನ್ನಾಗಿ ಹೇಳಿದರು, ನಕ್ಷೆ ಓದುವುದನ್ನು ಈಗಾಗಲೇ ಶುರು ಮಾಡಿದ್ದಾರೆ. ನೀರಿಗೆ ಮೊಣಕಾಲಿನಷ್ಟು ಮಾತ್ರ ಇಳಿಸುತ್ತಾರಂತೆ. ರಾತ್ರಿ ಪಾಳಿ ಯಾರದು ಅಂತ ಕೇಳಿದಾಗ ಅವರಿಗೇ ಗೊತ್ತಿರಲಿಲ್ಲ. ಸಂಜೆ ಫೋನ್ ಮಾಡಿ ಹೆಸರು ಹೇಳಿದರು. ಬಂದ ಮೇಲೆ ಟಿಪ್ಪಣಿ ಏನು ಮಾಡುತ್ತೀರಿ ಅಂದರೆ ಮಾತ್ರ ಸರಿಯಾದ ಉತ್ತರ ಸಿಗಲಿಲ್ಲ. ಪರೀಕ್ಷೆ ಹತ್ತಿರ ಇದೆ, ನೋಡೋಣ ಅಂದರು.

ಮಗನನ್ನೇ ಕೇಳಿದೆ. ಹೋಗ್ತೀನಿ ಅಂದ. ಸಹಿ ಹಾಕಿದೆ.

ಎರಡನೇಬೆಂಚು:
ಒಳ್ಳೆಯದಾಗಲಿ. ಬಂದ ಮೇಲೆ ಏನು ಕಲಿತ ಅಂತ ಮರೆಯದೆ ಬರೆಯಿರಿ. ನಿಜವಾಗಿ ತಿಳಿಯಬೇಕು ಅಂತ ಕೇಳುತ್ತಿದ್ದೇನೆ.

ಪುಟ್ಟನಅಮ್ಮ:
ಶಿಬಿರ ಮುಗಿದು ಐದು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೊದಲ ರಾತ್ರಿ ಅತ್ತನಂತೆ. ಪಕ್ಕದ ಹುಡುಗನೂ ಅತ್ತ, ಇಬ್ಬರೂ ಸೇರಿ ಅತ್ತರಂತೆ, ಈಗ ಇಬ್ಬರೂ ಜೀವದ ಗೆಳೆಯರು. ಎರಡನೇ ರಾತ್ರಿ ಒದ್ದೆಯಾಯಿತು. ಕತ್ತಲಲ್ಲೇ ಬದಲಾಯಿಸಿಕೊಂಡು ಚೀಲಕ್ಕೆ ತುರುಕಿ ಮಲಗಿದ. ಯಾರಿಗೂ ಗೊತ್ತಾಗಿಲ್ಲ. ಇದನ್ನು ಅವನು ನನಗೆ ಹೇಳಿದ ರೀತಿ ನೋಡಬೇಕಿತ್ತು, ಬೆಟ್ಟ ಹತ್ತಿ ಬಂದವನ ಹಾಗೆ. ಮೂರನೇ ದಿನ ಮಳೆ ಬಂದು ನಕ್ಷೆಯ ಆಟ ರದ್ದು. ಅವನು ಕಾಯುತ್ತಿದ್ದದ್ದೇ ಅದಕ್ಕೆ, ತುಂಬಾ ಬೇಜಾರಾಗಿತ್ತು. ನಕ್ಷತ್ರವೂ ಕಾಣಲಿಲ್ಲ.

@ಎರಡನೇಬೆಂಚು ಅವರೇ, ಏನು ಕಲಿತೆ ಅಂತ ಕೇಳಿದರೆ ಮೊದಲ ವಾರ "ಏನಿಲ್ಲ" ಅಂದ. ನಿಮ್ಮ ಮಗಳ ಹಾಗೇ. ಎರಡನೇ ವಾರ ನಾವಿಬ್ಬರೂ ನಡೆದು ಬರುವಾಗ ಒಂದು ಮರದ ಹತ್ತಿರ ನಿಂತ. ತೊಗಟೆ ಮೇಲಿನ ಕಲ್ಲುಹೂವು ತೋರಿಸಿದ. ಗಾಳಿ ಹೊಲಸಾಗಿದ್ದರೆ ಇದರಲ್ಲಿ ತುಂಬಾ ಜಾತಿ ಬೆಳೆಯಲ್ಲ ಅಮ್ಮಾ, ಶಿಬಿರದಲ್ಲಿ ಎಲೆ ಥರ ದೊಡ್ಡದು, ಗಡ್ಡದ ಥರ ಜೋತಾಡುವುದು, ಎರಡೂ ಇತ್ತು, ಇಲ್ಲಿ ಬರೀ ಅಂಟಿಕೊಂಡಿರುವ ಜಾತಿ ಮಾತ್ರ ಇದೆ ಅಂದ. ದೊಡ್ಡ ರಸ್ತೆಯಿಂದ ದೂರ ಹೋದರೆ ಜಾಸ್ತಿ ಆಗುತ್ತಾ ನೋಡೋಣ ಅಂದ. ಈಗ ದಿನಾ ಸಂಜೆ ಮರ ಮರಕ್ಕೆ ನಿಂತು ಪುಸ್ತಕದಲ್ಲಿ ಬರೆಯುತ್ತಾನೆ. 41 ಮರ ಆಗಿದೆ. ಪರೀಕ್ಷೆಯಲ್ಲಿ ಗಣಿತದಲ್ಲಿ ಸ್ವಲ್ಪ ಕಡಿಮೆ ಬಂತು, ಅದನ್ನೂ ಹೇಳಿಬಿಡುತ್ತೇನೆ.

ಶಾಲೆಯಲ್ಲಿ ಟಿಪ್ಪಣಿ ಪುಸ್ತಕವನ್ನು ಯಾರೂ ತೆರೆಯಲಿಲ್ಲ. ಅದೊಂದು ನನಗೆ ನೋವು.

ಎರಡನೇಬೆಂಚು:
41 ಮರ! ಓದಿದ ಮೇಲೆ ಮಗಳನ್ನು ಕೂರಿಸಿಕೊಂಡು ಮತ್ತೆ ಕೇಳಿದೆ. ಈ ಸಲ ಏನು ಕಲಿತೆ ಅನ್ನಲಿಲ್ಲ, ಅಲ್ಲಿ ಏನೇನಿತ್ತು ಅಂದೆ. ಮುಕ್ಕಾಲು ಗಂಟೆ ಮಾತಾಡಿದಳು. ಹಗ್ಗದ ಗಂಟು ನಾಲ್ಕು ಥರ ಹಾಕಿ ತೋರಿಸಿದಳು. ಆ ಶಿಬಿರ ಚೆನ್ನಾಗಿರಲಿಲ್ಲ ಅನ್ನುವುದು ಈಗಲೂ ನನ್ನ ಮಾತು. ಆದರೆ ನಾನು ಕೇಳಿದ ರೀತಿಯೂ ಸರಿ ಇರಲಿಲ್ಲ.

ಚಾಕ್‌ಪುಡಿ:
ಪುಟ್ಟನಅಮ್ಮ, ಆ ಪುಸ್ತಕ ಹಿಡಿದು ಟೀಚರ್ ಹತ್ತಿರ ಹೋಗಿ. ಬೈಯಲು ಬೇಡ, ತೋರಿಸಲು. ನಾನಾಗಿದ್ದರೆ ಇಡೀ ಕ್ಲಾಸನ್ನು ಆ 41 ಮರದ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ.

ಪುಟ್ಟನಅಮ್ಮ:
ಸೋಮವಾರ ಹೋಗುತ್ತೇನೆ. ಇನ್ನೊಂದು ಸಹಾಯ ಬೇಕು. ಶಿಬಿರದಿಂದ ಒಂದು ಡಬ್ಬಿ ಹೊಳೆ ಮಣ್ಣು ತಂದಿದ್ದಾನೆ. ಅದನ್ನು ಗಾಜಿನ ಜಾಡಿಗೆ ಹಾಕಿ ನೀರು ತುಂಬಿ ಅಲುಗಿಸಬೇಕಂತೆ. ಮಾಡಿದ್ದಾನೆ. ಒಂದು ಗಂಟೆ ಆಯಿತು, ನೀರು ಇನ್ನೂ ರಾಡಿಯಾಗೇ ಇದೆ. ಏನಾದರೂ ತಪ್ಪಾಯಿತಾ?

ಲೆಕ್ಕದಮೇಷ್ಟ್ರು:
ಏನೂ ತಪ್ಪಾಗಿಲ್ಲ. ಮರಳು ಒಂದೆರಡು ನಿಮಿಷದಲ್ಲೇ ತಳಕ್ಕೆ ಕೂತಿರುತ್ತದೆ, ನೋಡಲು ಹೇಳಿ. ಅದರ ಮೇಲೆ ನಯವಾದ ಮಣ್ಣು ಕೂರಲು ಕೆಲವು ಗಂಟೆ ಬೇಕು. ಜೇಡಿ ಕೂರಲು ಒಂದು ದಿನಕ್ಕಿಂತ ಜಾಸ್ತಿ ಆಗಬಹುದು. ಜಾಡಿಯನ್ನು ಯಾರೂ ಮುಟ್ಟದ ಕಡೆ ಇಡಿ. ನೀರು ತಿಳಿಯಾದ ಮೇಲೆ ಸ್ಕೇಲ್ ಹಿಡಿದು ಮೂರು ಪದರವನ್ನೂ ಅಳೆಯಲಿ. ಒಟ್ಟು ಎತ್ತರದಲ್ಲಿ ಮರಳು ಎಷ್ಟನೇ ಒಂದು ಭಾಗ ಅಂತ ಅವನೇ ಲೆಕ್ಕ ಹಾಕಲಿ. @ಎರಡನೇಬೆಂಚು, ನಿಮ್ಮ ಮಗಳಿಗೂ ಒಂದು ಜಾಡಿ ಕೊಡಿ.

ಎರಡನೇಬೆಂಚು:
ಜಾಡಿ ತೊಳೆದಿಟ್ಟಾಯಿತು ಮೇಷ್ಟ್ರೇ. ಮಣ್ಣು ತರಲು ಹೋಗಿದ್ದಾಳೆ.